ಗದ್ದದ ಕೆಳಗಿನ ಗೆರೆ

ಅವರು ಕೂತುಕೊಂಡೇ ಬಂದರು. ಬಾಡಿಗೆ ಜೀಪಿನ ಹಿಂಭಾಗದಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು, ಕೊರಳಿಗೆ ಹಾರ, ಹಣೆಗೆ, ಎದೆಗೆ, ತೋಳಿಗೆ ದಪ್ಪ ವಿಭೂತಿ, ತಲೆ ನೆಟ್ಟಗೆ. ಎರಡು ಬದಿಗೂ ಒಬ್ಬೊಬ್ಬರು ಹಿಡಿದುಕೊಂಡಿದ್ದರು. ಹೊರರೋಗಿಗಳ ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬಳು ಯಾರೋ ಸ್ವಾಮಿಗಳು ಬಂದರೆಂದು ಕೈ ಮುಗಿದಳು. ಅವರ ಜೀವ ಹೋಗಿ ಹೆಚ್ಚುಕಡಿಮೆ ಒಂದು ದಿನವಾಗಿತ್ತು.

ನಾನು ಕಾಫಿ ಸೀಮೆಯ ಒಂದು ಆಸ್ಪತ್ರೆಯಲ್ಲಿ ವೈದ್ಯೆ. ಜ್ವರ, ಹೆರಿಗೆ, ಹಾವು ಕಡಿತ, ಮೆಣಸು ಕೊಯ್ಯಲು ಹತ್ತಿ ಮರದಿಂದ ಬಿದ್ದವರು, ಇಷ್ಟರ ಮಧ್ಯೆ ಶವಪರೀಕ್ಷೆಯೂ ನನ್ನ ಪಾಲಿನದೇ. ಈ ಕೆಲಸ ಯಾರಿಗೂ ಇಷ್ಟವಿಲ್ಲ. ಬಂದವರೆಲ್ಲ ‘ಸುಮ್ಮನೆ ಒಂದು ಫಾರ್ಮಾಲಿಟಿ’ ಎನ್ನುತ್ತಾರೆ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಸತ್ತವರು ಬಾಯಿಬಿಟ್ಟು ಹೇಳಲಾರದ್ದನ್ನು ಹೇಳುವ ಕೊನೆಯ ಅವಕಾಶ ಆ ಕಲ್ಲಿನ ಮೇಜಿನ ಮೇಲಿದೆ, ಮಣ್ಣಿಗಿಟ್ಟ ಮೇಲೆ ಇಲ್ಲ.

ಸತ್ತವರು ಪೇಟೆಯ ವ್ಯಾಪಾರಿ, ಮೆಣಸು, ಏಲಕ್ಕಿ ಕೊಳ್ಳುವ ಅಂಗಡಿ. ಮನೆತನದಲ್ಲಿ ಶಿವಾಚಾರ, ಲಿಂಗಾಯತರು. ಒಬ್ಬಳೇ ಮಗಳು ಬೇರೆ ಜಾತಿಯ ಜೀಪ್ ಡ್ರೈವರ್ ಒಬ್ಬನನ್ನು ಮದುವೆಯಾಗಿದ್ದಳು. ಅಂದಿನಿಂದ ಅಪ್ಪ ಅವಳ ಜೊತೆ ಮಾತು ಬಿಟ್ಟಿದ್ದರು. ಈಗ ಅವಳಿಗೆ ತುಂಬು ದಿನ. ಹಿಂದಿನ ದಿನ ಮಧ್ಯಾಹ್ನ ಅಳಿಯ ಒಬ್ಬನೇ ಅಂಗಡಿಗೆ ಹೋಗಿ, ಹೆರಿಗೆಗಾದರೂ ಅವಳನ್ನು ತವರಿಗೆ ಕರೆದುಕೊಳ್ಳಿ ಎಂದು ಕೇಳಿದ್ದ. ಗೋಡೌನಿನ ಒಳಗೆ ಜೋರು ಜಗಳ ನಡೆದದ್ದನ್ನು ಬೀದಿಯವರೆಲ್ಲ ಕೇಳಿಸಿಕೊಂಡಿದ್ದರು. ಆಮೇಲೆ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಅಳಿಯ ಹೊರಗೆ ಓಡಿ ಬಂದು ‘ಮಾವ ಬಿದ್ದರು’ ಎಂದು ಕೂಗಿದ್ದ.

ಹಾರ್ಟ್ ಅಟ್ಯಾಕ್ ಎಂದೇ ಎಲ್ಲರೂ ತಿಳಿದರು. ಮೈ ತೊಳೆದು, ಜಗುಲಿಯಲ್ಲಿ ಕೂರಿಸಿದರು. ಸತ್ತವರ ತಮ್ಮ, ಬಾಳೂರು ಕಡೆ ತೋಟ ಮಾಡಿಕೊಂಡಿರುವವರು, ಹುಬ್ಬಳ್ಳಿಯ ಹತ್ತಿರ ಬೀಗರ ಮನೆಗೆ ಹೋಗಿದ್ದರು. ಅವರು ಬರುವವರೆಗೆ ಕಾಯಬೇಕಾಗಿತ್ತು. ಬೆಳಿಗ್ಗೆ ಬಂದವರು ಅಣ್ಣನ ಕೊರಳಿಗೆ ಹಾರ ಹಾಕಲು ಬಾಗಿದಾಗ ಗದ್ದದ ಕೆಳಗೆ ಕಂದು ಬಣ್ಣದ ಗೆರೆ ಕಾಣಿಸಿತು. ಒಂದು ಕಿವಿಯ ಹಿಂದಿನಿಂದ ಇನ್ನೊಂದು ಕಿವಿಯ ಹಿಂದಿನವರೆಗೆ. ಅವರು ಹಾರವನ್ನು ಅಲ್ಲೇ ಬಿಟ್ಟು ಸೀದಾ ಪೊಲೀಸ್ ಸ್ಟೇಷನ್ನಿಗೆ ನಡೆದರು.

ನನ್ನ ಮೇಜಿನ ಮುಂದೆ ಸಬ್ ಇನ್ಸ್‌ಪೆಕ್ಟರ್ ಕೂತು ಇಷ್ಟನ್ನೂ ಹೇಳಿದರು. ಕರಾವಳಿಯ ಕಡೆಯ ಹುಡುಗ, ಕೆಲಸದಲ್ಲಿ ಚುರುಕು, ತಾಳ್ಮೆ ಕಡಿಮೆ. ಅಳಿಯನನ್ನು ಆಗಲೇ ಸ್ಟೇಷನ್ನಿನಲ್ಲಿ ಕೂರಿಸಿದ್ದರು.

“ಮೇಡಂ, ಮೇಲಿಂದ ನೋಡಿ ಒಂದು ಮಾತು ಹೇಳಿಬಿಡಿ. ನೇಣು ಬಿಗಿದದ್ದೋ ಅಲ್ವೋ. ಸ್ಟೇಷನ್ ಮುಂದೆ ಜನ ಸೇರಿದ್ದಾರೆ. ಎಫ್‌ಐಆರ್ ಹಾಕಿದ್ರೆ ಅವರು ಮನೆಗೆ ಹೋಗ್ತಾರೆ.”

“ಅವರು ಮನೆಗೆ ಹೋಗ್ತಾರೆ, ಆ ಹುಡುಗ ಎಲ್ಲಿಗೆ ಹೋಗ್ತಾನೆ?” ಎಂದೆ. “ಒಳಗೆ ನೋಡೋ ಮುಂಚೆ ನಾನು ಏನೂ ಹೇಳೋದಿಲ್ಲ. ಬಾಯಿಮಾತಲ್ಲಂತೂ ಇಲ್ಲವೇ ಇಲ್ಲ.”

ಅವರ ಮುಖ ಗಂಟಾಯಿತು. ಆಗಲಿ ಎಂದು ನಾನೂ ಎದ್ದೆ.

ಮಾರ್ಚುರಿಯ ಪಕ್ಕದ ಕಲ್ಲುಬೆಂಚಿನಲ್ಲಿ ಮಗಳು ಕೂತಿದ್ದಳು. ಅಪ್ಪನ ಕಡೆಯವರು ಯಾರೂ ಅವಳ ಹತ್ತಿರ ಸುಳಿಯಲಿಲ್ಲ, ಗಂಡನ ಕಡೆಯವರು ಹೆದರಿ ಬಂದೇ ಇರಲಿಲ್ಲ. ನನ್ನ ಕಂಡು ಏಳಲು ಹೋದಳು. ಕೂತಿರು ಎಂದೆ. ಅಪ್ಪ ಹೋಗಿದ್ದರು, ಗಂಡ ಜೈಲಿಗೆ ಹೋಗುವವನಿದ್ದ, ಮಗು ಇವತ್ತೋ ನಾಳೆಯೋ ಎನ್ನುವಂತಿತ್ತು. ಆದರೆ ಅದಕ್ಕಾಗಿ ನಾನು ಒಂದು ಅಕ್ಷರ ಆಚೀಚೆ ಬರೆಯುವಂತಿರಲಿಲ್ಲ. ಕೊಂದಿದ್ದರೆ ಕೊಂದಿದ್ದಾನೆ ಎಂದೇ ಬರೆಯಬೇಕು.

ಬಾಗಿಲಲ್ಲಿ ಸತ್ತವರ ತಮ್ಮ ಅಡ್ಡ ನಿಂತರು. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು.

“ಡಾಕ್ಟ್ರೇ, ಕಂಪ್ಲೇಂಟ್ ಕೊಟ್ಟವನು ನಾನೇ. ಕುಯ್ಯಬೇಡಿ ಅನ್ನಲ್ಲ. ಲಿಂಗ ಮಾತ್ರ ಅವನ ಮೈಯಿಂದ ಬೇರೆ ಮಾಡಬೇಡಿ. ಅಷ್ಟು ಮಾಡಿಕೊಡಿ.”

ಇಷ್ಟಲಿಂಗದ ಬೆಳ್ಳಿ ಕರಡಿಗೆ ಕೊರಳಿನಿಂದಲೇ ಇಳಿಬಿದ್ದಿತ್ತು, ನಾನು ನೋಡಬೇಕಾದದ್ದೂ ಕೊರಳನ್ನೇ. ಅವರ ಎದುರಿನಲ್ಲೇ ಶಿವದಾರವನ್ನು ಬಿಡಿಸಿ, ಕರಡಿಗೆಯನ್ನು ಸತ್ತವರ ಎಡ ಅಂಗೈಯಲ್ಲಿಟ್ಟು, ಮೇಲೆ ಗಾಜ್ ಬಟ್ಟೆ ಸುತ್ತಿ ಕಟ್ಟಿದೆ. ಎಲ್ಲ ಮುಗಿಯುವವರೆಗೆ ಇಲ್ಲಿಯೇ ಇರುತ್ತದೆ ಎಂದೆ. ಹಾಗೆಯೇ ಬರೆದುಕೊಂಡೆ. ಅವರು ತಲೆಯಾಡಿಸಿ ಪಕ್ಕಕ್ಕೆ ಸರಿದರು. ಶಿವದಾರ ತೀರ ಸಣ್ಣದು, ಎದೆಯ ಮೇಲೆ ಸಡಿಲವಾಗಿ ಬಿದ್ದಿತ್ತು. ಆ ಗೆರೆ ಅದರಿಂದಾದದ್ದಲ್ಲ ಎಂಬುದು ಅಷ್ಟರಲ್ಲೇ ತಿಳಿಯಿತು.

ಕೂತ ಹೆಣವನ್ನು ಪರೀಕ್ಷೆ ಮಾಡುವುದು ಹೇಗೆ ಎಂದು ಯಾವ ಪಾಠದಲ್ಲೂ ಹೇಳಿಕೊಟ್ಟಿರಲಿಲ್ಲ. ಮೈ ಪೂರ್ತಿ ಸೆಟೆದುಕೊಂಡಿತ್ತು. ಮೇಜಿನ ಮೇಲೆ ಅವರನ್ನು ಕೂತಂತೆಯೇ ಇರಿಸಿ, ಎಲ್ಲ ಕಡೆಯಿಂದ ಫೋಟೊ ತೆಗೆಸಿ, ಆಮೇಲೆ ನಾನೂ ಅಟೆಂಡರೂ ಸೇರಿ ಸೊಂಟ, ಮಂಡಿಗಳನ್ನು ನಿಧಾನವಾಗಿ ಬಿಡಿಸಿ ಮಲಗಿಸಿದೆವು. ಅದಕ್ಕೇ ಬೆವರು ಹರಿಯಿತು. ಬಿಡಿಸಿದ್ದು ನಾವು ಎಂಬುದನ್ನೂ ಬರೆಯಬೇಕು. ಇಲ್ಲವಾದರೆ ನಾಳೆ ಕೋರ್ಟಿನಲ್ಲಿ ವಕೀಲರು, ಕೀಲು ಹೀಗೇಕಾಯಿತು ಎಂದು ನನ್ನನ್ನೇ ಹಿಡಿದುಕೊಳ್ಳುತ್ತಾರೆ.

ಗೆರೆ ನೋಡಿದೆ. ನಿಜ ಹೇಳಬೇಕೆಂದರೆ ನನಗೂ ನೇಣೇ ಕಂಡಿತು. ಗಂಟಲಿನ ಗುಬುಟಿನಿಂದ ಮೇಲೆ, ಗದ್ದಕ್ಕೆ ಒತ್ತಿಕೊಂಡು, ಓರೆಯಾಗಿ ಎರಡು ಕಿವಿಗಳ ಹಿಂದಕ್ಕೆ ಏರಿ, ಕತ್ತಿನ ಹಿಂದೆ ಮಾಯವಾಗಿತ್ತು. ಚರ್ಮ ಒಣಗಿ ಕಂದು ತಿರುಗಿತ್ತು. ಹಗ್ಗದಿಂದ ಕತ್ತು ಬಿಗಿದರೆ ಗೆರೆ ಸಾಮಾನ್ಯವಾಗಿ ಅಡ್ಡಕ್ಕೆ, ಸುತ್ತಲೂ ಇರುತ್ತದೆ. ನೇತುಹಾಕಿದರೆ ಹೀಗೆ ಮೇಲಕ್ಕೆ ಏರುತ್ತದೆ. ಸತ್ತ ಮೇಲೆ ರಕ್ತ ತನ್ನ ಭಾರಕ್ಕೆ ಕೆಳಗಿಳಿದು, ನಿಂತ ಕಡೆ ಚರ್ಮ ನೇರಳೆಗಟ್ಟುತ್ತದೆ. ಇವರಿಗೆ ಕಾಲು, ಪಾದ, ಮುಂಗೈಗಳಲ್ಲಿ ನೇರಳೆ ಬಣ್ಣ. ನೇತಾಡಿದವರಿಗೂ ಅಲ್ಲಿಯೇ ಬರುತ್ತದೆ, ಕೂತವರಿಗೂ ಅಲ್ಲಿಯೇ. ಕಣ್ಣಲ್ಲಿ ರಕ್ತದ ಚುಕ್ಕೆಗಳಿರಲಿಲ್ಲ, ಬಾಯಂಚಿನಲ್ಲಿ ಜೊಲ್ಲಿನ ಗುರುತಿರಲಿಲ್ಲ. ಆದರೆ ಮೈ ತೊಳೆದಿದ್ದರು, ಜೊಲ್ಲು ಎಲ್ಲಿ ಉಳಿದೀತು? ಯಾವುದನ್ನು ಹಿಡಿದರೂ ಜಾರುತ್ತಿತ್ತು. ಕಿಟಕಿಯಾಚೆ ನಿಂತಿದ್ದ ಸಬ್ ಇನ್ಸ್‌ಪೆಕ್ಟರ್ ನನ್ನ ಮುಖವನ್ನೇ ಓದುತ್ತಿದ್ದರು. ನಾನು ಅವರಿಗೆ ಬೆನ್ನು ಹಾಕಿದೆ.

ಕೊರಳಿನ ಮೇಲೆ ಅನುಮಾನವಿದ್ದರೆ ಕೊರಳನ್ನು ಕೊನೆಗೆ ಬಿಡಿಸಬೇಕು. ಮೊದಲು ತಲೆ, ಆಮೇಲೆ ಎದೆ. ಎರಡೂ ಖಾಲಿಯಾದಾಗ ಕೊರಳಿನ ರಕ್ತವೆಲ್ಲ ಬಸಿದುಹೋಗುತ್ತದೆ. ಇಲ್ಲದಿದ್ದರೆ ನಮ್ಮ ಕತ್ತಿಯಿಂದಲೇ ಸೋರಿದ ರಕ್ತ, ಹಿಸುಕಿದ್ದರಿಂದ ಕಂದಿದಂತೆ ಕಾಣಿಸಿ ದಾರಿ ತಪ್ಪಿಸುತ್ತದೆ. ಇದಕ್ಕೆ ಹೊತ್ತು ಹಿಡಿಯುತ್ತದೆ. ಹೊರಗೆ ಜನ ಗೊಣಗುವುದು ಕೇಳುತ್ತಿತ್ತು. ಆ ಗೊಣಗಾಟಕ್ಕೆ ಕೈ ಚುರುಕು ಮಾಡುವುದು ಸುಲಭ, ಮಾಡಬಾರದು ಎಂದು ನನಗೆ ನಾನೇ ಗದರಿಕೊಂಡೆ.

ತಲೆಯಲ್ಲಿ ಏನೂ ಇರಲಿಲ್ಲ. ಎದೆ ತೆರೆದಾಗ ಹೃದಯದ ಸುತ್ತಲಿನ ಚೀಲ ನೀಲಿಯಾಗಿ ಬಿಗಿದುಕೊಂಡಿತ್ತು. ಒಂದು ಸಣ್ಣ ಕುಯ್ತ ಹಾಕಿದೊಡನೆ ಹೆಪ್ಪುಗಟ್ಟಿದ ರಕ್ತ ಹೊರಗೆ ಬಂತು. ಅದನ್ನೆಲ್ಲ ತೆಗೆದು ನೋಡಿದರೆ ಹೃದಯದ ಎಡಗಡೆಯ ಗೋಡೆಯಲ್ಲಿ ಸೀಳು. ಸುತ್ತಲಿನ ಮಾಂಸ ಹಳದಿ ತಿರುಗಿ ಮೆತ್ತಗಾಗಿತ್ತು. ರಕ್ತನಾಳ ಕುಯ್ದು ನೋಡಿದೆ, ಅಡಚಣೆ ಅಲ್ಲಿತ್ತು. ಇದು ಒಂದು ಗಳಿಗೆಯಲ್ಲಿ ಆಗುವ ಕೆಲಸವಲ್ಲ. ಹೃದಯಾಘಾತ ಆಗಿ ಕೆಲವು ದಿನ ಕಳೆದ ಮೇಲೆ ಸತ್ತ ಮಾಂಸ ಹೀಗೆ ಮೆತ್ತಗಾಗಿ ಒಡೆಯುತ್ತದೆ.

ನಾನು ಕತ್ತಿ ಕೆಳಗಿಟ್ಟು ಉಸಿರು ಬಿಟ್ಟೆ. ಹುಡುಗ ಕೊಂದಿಲ್ಲ ಎಂದು ಮನಸ್ಸು ಆಗಲೇ ಹೇಳುತ್ತಿತ್ತು.

ಆದರೆ ಮನಸ್ಸು ಹೇಳಿದ್ದನ್ನು ವರದಿಯಲ್ಲಿ ಬರೆಯಲಾಗುವುದಿಲ್ಲ. ಹೃದಯ ಒಡೆದು ಸತ್ತರು, ಸರಿ. ಗೆರೆ? ಹಿಸುಕುತ್ತಿದ್ದಾಗ ಹೆದರಿ ಎದೆ ಒಡೆಯಿತು ಎಂದು ಯಾರಾದರೂ ಕೇಳಿದರೆ ಏನು ಹೇಳಲಿ? ಕೊರಳನ್ನು ಪದರ ಪದರವಾಗಿ ಬಿಡಿಸಿದೆ. ಗೆರೆಯ ಕೆಳಗೆ ಎಲ್ಲೂ ರಕ್ತಗಟ್ಟಿರಲಿಲ್ಲ, ಮೂಳೆ ಮುರಿದಿರಲಿಲ್ಲ, ರಕ್ತನಾಳದ ಒಳಪದರ ಸೀಳಿರಲಿಲ್ಲ. ಸತ್ತ ಮೇಲೆ ಒತ್ತಿದ ಗೆರೆ ಎನ್ನಲು ಇದು ಒಳ್ಳೆಯ ಸಾಕ್ಷಿ. ಆದರೂ ನೇಣಿನಲ್ಲೂ ಒಮ್ಮೊಮ್ಮೆ ಒಳಗೆ ಹೀಗೆಯೇ ಸ್ವಚ್ಛವಾಗಿರುತ್ತದೆ. ‘ಹೃದಯಾಘಾತ, ಕೊರಳ ಗೆರೆಯ ಕಾರಣ ತಿಳಿದಿಲ್ಲ’ ಎಂದು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ತಪ್ಪೇನೂ ಆಗುತ್ತಿರಲಿಲ್ಲ. ಆದರೆ ಆ ‘ತಿಳಿದಿಲ್ಲ’ ಎಂಬ ಪದ ಹಿಡಿದುಕೊಂಡು ಆ ಹುಡುಗನನ್ನು ವರ್ಷಗಟ್ಟಲೆ ಕೋರ್ಟಿಗೆ ಅಲೆಸಬಹುದು, ಪೇಟೆಯವರು ಅವನ ಮಗುವಿಗೂ ಕೊಲೆಗಾರನ ಮಗು ಎನ್ನಬಹುದು. ಗೆರೆ ಎಲ್ಲಿಂದ ಬಂತು ಎಂದು ತಿಳಿಯದೆ ಮೇಜು ಬಿಟ್ಟು ಕದಲುವುದಿಲ್ಲ ಎಂದು ಆಗ ತೀರ್ಮಾನ ಮಾಡಿದೆ.

ಮೊದಲಿನಿಂದ ಮತ್ತೆ ಮೈ ನೋಡುತ್ತ ಬಂದೆ. ಎದೆ ಕುಯ್ಯುವಾಗ ಮಧ್ಯದ ವಿಭೂತಿಯನ್ನಷ್ಟೇ ಒರೆಸಿದ್ದೆ. ಈಗ ಕಂಕುಳಿನವರೆಗೆ ಒದ್ದೆ ಬಟ್ಟೆಯಲ್ಲಿ ಪೂರ್ತಿ ತೊಳೆದೆ. ಕಂಕುಳ ಕೆಳಗೆ, ಎರಡೂ ಪಕ್ಕದಲ್ಲಿ, ಮಾಸಲಾದ ಒಂದು ಪಟ್ಟಿ. ಒತ್ತಿದ ಬಟ್ಟೆಯ ನೇಯ್ಗೆ ಚರ್ಮದ ಮೇಲೆ ಹಗುರವಾಗಿ ಮೂಡಿತ್ತು. ದೀಪವನ್ನು ಕೊರಳಿನ ಹತ್ತಿರ ತರಿಸಿದೆ. ಕಿವಿಯ ಹಿಂದೆ, ಗೆರೆ ಮಾಯವಾಗುವ ಜಾಗದಲ್ಲಿ, ಅದೇ ನೇಯ್ಗೆ.

ಯಾರನ್ನೂ ಎದೆಗೆ ಕಟ್ಟಿ ನೇಣು ಹಾಕುವುದಿಲ್ಲ. ಎದೆಗೂ ಗದ್ದಕ್ಕೂ ಒಟ್ಟಿಗೆ ಕಟ್ಟುವುದು ಯಾಕೆ? ಬೀಳದಿರಲಿ ಎಂದು. ನಾನು ತೀರ್ಥಹಳ್ಳಿ ಕಡೆಯವಳು, ನಮ್ಮದು ಸುಡುವ ಪದ್ಧತಿ. ಇವರು ಕೂರಿಸುತ್ತಾರೆ ಎಂದು ಗೊತ್ತಿತ್ತು. ಹೆಣ ಹೇಗೆ ತಾನಾಗಿ ನೆಟ್ಟಗೆ ಕೂರುತ್ತದೆ ಎಂದು ಯಾವತ್ತೂ ಕೇಳಿರಲಿಲ್ಲ. ಸಬ್ ಇನ್ಸ್‌ಪೆಕ್ಟರಿಗಂತೂ ಅದು ಹೊಳೆಯುವ ಮಾತೇ ಅಲ್ಲ.

ಕೈಗವಸು ಬಿಚ್ಚಿ ಹೊರಗೆ ಬಂದು ತಮ್ಮನನ್ನು ನನ್ನ ಕೋಣೆಗೆ ಕರೆದೆ. ಸಬ್ ಇನ್ಸ್‌ಪೆಕ್ಟರನ್ನೂ ಕೂರಿಸಿದೆ. ಉತ್ತರವನ್ನು ನಾನೇ ಅವರ ಬಾಯಿಗೆ ತುರುಕಬಾರದು, ಹಾಗಾಗಿ ಗೆರೆಯ ಸುದ್ದಿ ಎತ್ತಲಿಲ್ಲ.

“ನಿಮ್ಮ ತಂದೆ ತೀರಿಕೊಂಡಾಗ ನೀವು ಇದ್ರಾ?” ಎಂದು ಕೇಳಿದೆ.

“ಇದ್ದೆ. ಎಂತಕ್ಕೆ?”

“ಅವರನ್ನ ಹೇಗೆ ಕೂರಿಸಿದಿರಿ? ಮೊದಲಿನಿಂದ ಹೇಳಿ.”

ಅವರಿಗೆ ಸಿಟ್ಟು ಬಂತು. “ಇದೆಂತ ಡಾಕ್ಟ್ರೇ, ಅಲ್ಲಿ ಅಣ್ಣ ಬಿದ್ದಿದಾನೆ, ನೀವು ಅಪ್ಪನ ಸುದ್ದಿ ಕೇಳ್ತಿದೀರಿ.” ಬೇಕಾಗಿದೆ, ಹೇಳಿ ಎಂದೆ. ಆಮೇಲೆ ಹೇಳತೊಡಗಿದರು. “ಮೈ ತೊಳೆದು ಮಣೆ ಮೇಲೆ ಕೂರಿಸದು. ಕಾಲು ಮಡಚದು. ಗೋಡೆಗೆ ಎರಡು ಮೊಳೆ ಹೊಡೆಯದು. ಮೈ ಇನ್ನೂ ಮೆತ್ತಗಿರ್ತದಲ್ಲ, ಮುಂದೆ ಬಾಗ್ತದೆ. ಅದಕ್ಕೆ ಎದೆಗೊಂದು ಶಲ್ಯ ಸುತ್ತಿ ಮೊಳೆಗೆ ಕಟ್ಟದು. ತಲೆ ಜೋಲಬಾರದು ಅಂತ ಹಿಂಗೆ ಇನ್ನೊಂದು…”

ತೋರಿಸಲೆಂದು ಅವರ ಕೈ ತಮ್ಮದೇ ಗದ್ದದ ಕೆಳಗೆ ಹೋಗಿತ್ತು. ಬೆರಳುಗಳು ಕಿವಿಯ ಕಡೆಗೆ ಏರುತ್ತಿದ್ದವು. ಅಲ್ಲಿಯೇ ನಿಂತವು. ಅವರು ನನ್ನನ್ನು ನೋಡಿದರು, ಸಬ್ ಇನ್ಸ್‌ಪೆಕ್ಟರನ್ನು ನೋಡಿದರು.

“ನಾ ಬಂದಾಗ ಬಟ್ಟೆ ಇರಲಿಲ್ಲ,” ಎಂದರು.

“ಯಾವಾಗ ಬಿಚ್ತಾರೆ?”

“ಮೈ ಸೆಟೆದ ಮೇಲೆ ಬೇಕಾಗಲ್ಲ. ತಾನೇ ನಿಲ್ತದೆ.” ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. “ನಾ ಎಂತ ಮಾಡಿಬಿಟ್ಟೆ.”

ಇಷ್ಟು ಸಾಲದು ಎಂದು ಸಬ್ ಇನ್ಸ್‌ಪೆಕ್ಟರಿಗೆ ಹೇಳಿದೆ. ಅವರೂ ಈಗ ಬೇರೆ ಮನುಷ್ಯನಂತೆ ಎದ್ದರು. ಹೆಣ ಕೂರಿಸಿದ್ದ ಅಯ್ಯನವರು ಬೆಳಿಗ್ಗೆಯೇ ಬಟ್ಟೆ ಬಿಚ್ಚಿ, ಇನ್ನೊಂದು ಮನೆಯ ಕಾರ್ಯಕ್ಕೆಂದು ಹೊರಟುಹೋಗಿದ್ದರು. ಪೊಲೀಸರು ಅವರನ್ನು ಹುಡುಕಿ ಹೇಳಿಕೆ ಬರೆದುಕೊಂಡರು. ಜಗುಲಿಯ ಗೋಡೆಯ ಮೊಳೆಗಳ ಫೋಟೊ ನನ್ನ ಮೊಬೈಲಿಗೆ ಬಂತು. ಮಡಚಿಟ್ಟಿದ್ದ ಎರಡು ಶಲ್ಯಗಳನ್ನು ಮಹಜರು ಮಾಡಿ ತಂದರು. ಬಟ್ಟೆಯ ಮಡಿಕೆಯ ಅಗಲವನ್ನು ಗೆರೆಯ ಅಗಲದ ಜೊತೆ ಹಿಡಿದು ನೋಡಿದೆ, ನೇಯ್ಗೆಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಹೊಂದಿತು. ಬೆಳಗಿನ ವಿಚಾರಣೆಯಲ್ಲಿ ಮನೆಯವರು ಇದನ್ನು ಯಾಕೆ ಹೇಳಲಿಲ್ಲ ಎಂದು ಸಬ್ ಇನ್ಸ್‌ಪೆಕ್ಟರಿಗೆ ಆಶ್ಚರ್ಯ. “ಕೊರಳಿಗೆ ಯಾರಾದ್ರೂ ಏನಾದ್ರೂ ಬಿಗಿದ್ರಾ ಅಂತ ಕೇಳಿದ್ದೆ. ಇಲ್ಲ ಅಂದ್ರು,” ಎಂದರು. ಅವರ ಪ್ರಶ್ನೆ ಕೊಲೆಯದ್ದಾಗಿತ್ತು, ಮನೆಯವರು ಅದಕ್ಕೆ ನಿಜವನ್ನೇ ಹೇಳಿದ್ದರು. ಕೂರಿಸುವುದನ್ನು ಅವರು ಬಿಗಿಯುವುದು ಎಂದುಕೊಂಡೇ ಇರಲಿಲ್ಲ.

ನಾನು ಅಭಿಪ್ರಾಯ ಬರೆದೆ. ಹೃದಯದ ಗೋಡೆ ಒಡೆದು ಸಾವು. ಕೊರಳಿನ, ಎದೆಯ ಗುರುತುಗಳು ಸತ್ತ ನಂತರ ಬಟ್ಟೆಯ ಒತ್ತಡದಿಂದ ಆದವು. ಗೆರೆಯ ಚರ್ಮದ ಒಂದು ತುಣುಕು, ಹೃದಯದ ತುಣುಕು ಮತ್ತು ರಾಸಾಯನಿಕ ಪರೀಕ್ಷೆಗೆ ಬೇಕಾದಷ್ಟನ್ನು ತೆಗೆದಿಟ್ಟೆ. ಏನೇನು ಇಟ್ಟುಕೊಂಡಿದ್ದೇನೆ, ಯಾಕೆ, ಎಲ್ಲಿಗೆ ಹೋಗುತ್ತದೆ ಎಂದು ತಮ್ಮನನ್ನೂ ಮಗಳನ್ನೂ ಒಟ್ಟಿಗೆ ಕೂರಿಸಿ ಹೇಳಿದೆ. ಮಣ್ಣಿಗೆ ಕೊಡುವವರಿಗೆ ತಮ್ಮವರ ಮೈಯಲ್ಲಿ ಏನಿದೆ ಏನಿಲ್ಲ ಎಂದು ಗೊತ್ತಿರಬೇಕು. ಇದನ್ನು ಹೇಳದೆ ಕಳಿಸುವವರಿದ್ದಾರೆ, ನನಗೆ ಅದು ಸರಿ ಕಾಣುವುದಿಲ್ಲ. ಕೆಲವು ವಾರಗಳ ನಂತರ ಬಂದ ಪ್ರಯೋಗಾಲಯದ ವರದಿಗಳೂ ನಾನು ಬರೆದದ್ದನ್ನೇ ಹೇಳಿದವು.

ಹೊಲಿಗೆಯೇ ಆ ದಿನದ ಕಷ್ಟದ ಕೆಲಸವಾಯಿತು. ಮಲಗುವ ಹೆಣಕ್ಕಾದರೆ ದೊಡ್ಡ ದೊಡ್ಡ ಹೊಲಿಗೆ ಸಾಕು. ಇವರು ಮತ್ತೆ ಕೂರಬೇಕಾದವರು, ಕೂತೇ ಮಣ್ಣು ಸೇರಬೇಕಾದವರು. ಒಳಗೆ ಹತ್ತಿ ತುಂಬಿ, ಒತ್ತೊತ್ತಾಗಿ ಹೊಲಿದು, ಮೇಲೆ ಬಟ್ಟೆ ಸುತ್ತಿ, ಒಮ್ಮೆ ಎತ್ತಿ ಕೂರಿಸಿ ಎಲ್ಲಿಯೂ ಸೋರುವುದಿಲ್ಲ ಎಂದು ನೋಡಿದೆವು. ಕೊರಳು ಮಾತ್ರ ನನ್ನ ಕೈಯಲ್ಲಿರಲಿಲ್ಲ. ಒಳಗಿನದೆಲ್ಲ ಬಿಡಿಸಿದ ಮೇಲೆ, ಸೆಡೆತವನ್ನೂ ಮುರಿದ ಮೇಲೆ, ತಲೆ ಎತ್ತ ಬೇಕಾದರೂ ವಾಲುತ್ತಿತ್ತು.

ಅಷ್ಟು ಹೊತ್ತಿಗೆ ಅಳಿಯನನ್ನು ಬಿಟ್ಟು ಕಳಿಸಿದ್ದರು. ತನ್ನ ಜೀಪಿನಲ್ಲಿ ಬಂದವನು ಹೆಂಡತಿಯ ಪಕ್ಕದಲ್ಲಿ ಕಲ್ಲುಬೆಂಚಿನ ತುದಿಯಲ್ಲಿ ಕೂತಿದ್ದ. ನಾನು ಕೈ ತೊಳೆದು ಹೊರಗೆ ಬಂದಾಗ ಎದ್ದು ಹತ್ತಿರ ಬಂದ. ಬಿಡುಗಡೆಯಾದವನ ಮುಖ ಅದಾಗಿರಲಿಲ್ಲ.

“ಮೇಡಂ, ನಾನು ಹೋಗಿ ಜಗಳ ಮಾಡಿದ್ದಕ್ಕೆ ಹಿಂಗಾಯ್ತಾ?”

“ಅವರಿಗೆ ಈ ವಾರದಲ್ಲಿ ಎದೆನೋವು ಬಂದಿತ್ತಾ?”

ಮಗಳು ಅಲ್ಲಿಂದಲೇ ಹೇಳಿದಳು. “ಗ್ಯಾಸು ಅಂತ ಸೋಡಾ ಕುಡೀತಿದ್ರಂತೆ. ಅಮ್ಮ ಕದ್ದು ಫೋನ್ ಮಾಡಿದಾಗ ಹೇಳಿದ್ಲು.”

“ಅದು ಗ್ಯಾಸಲ್ಲ. ಅವತ್ತೇ ಅಟ್ಯಾಕ್ ಆಗಿದೆ. ಆ ಗೋಡೆ ಮೆತ್ತಗಾಗಿ ದಿನಗಳಾಗಿದ್ದವು. ಜಗಳ ಇರಲಿ, ಮೂಟೆ ಎತ್ತಿದ್ರೂ, ಕೆಮ್ಮಿದ್ರೂ ಒಡೀತಿತ್ತು.”

ಸಮಾಧಾನಕ್ಕೆಂದು ಹೇಳಿದ ಮಾತಲ್ಲ ಅದು, ನಾನು ಕಣ್ಣಾರೆ ಕಂಡದ್ದು. ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತ. ಅಳಲಿ ಎಂದು ಬಿಟ್ಟೆ.

ಬಾಡಿಗೆ ಜೀಪಿನವನು ಬೇರೆ ಟ್ರಿಪ್ಪಿಗೆ ಹೋಗಿದ್ದ. ಇದ್ದದ್ದು ಅಳಿಯನ ಜೀಪೊಂದೇ. ಅದು ಯಾರಿಗೂ ಬಾಯಿ ಬಿಟ್ಟು ಹೇಳಲಾಗದ ಸಂಗತಿಯಾಗಿತ್ತು. ಕೊನೆಗೆ ತಮ್ಮನೇ ಅದರ ಹಿಂಬಾಗಿಲು ತೆಗೆದು, ಒಳಗೆ ಕಂಬಳಿ ಹಾಸಿದರು. ಅಣ್ಣನನ್ನು ಎತ್ತಿ ಕೂರಿಸಿದೆವು. ಕರಡಿಗೆಯ ಕೈ ಮಡಿಲಲ್ಲಿತ್ತು. ಯಾರೋ ತಲೆಗೆ ಕಟ್ಟಲು ಹೊಸ ಶಲ್ಯ ಹರವಿದರು.

“ಬಟ್ಟೆ ಕಟ್ಟಬೇಡಿ,” ಎಂದೆ. “ಹೊಲಿಗೆ ಬಿಟ್ಟುಹೋಗುತ್ತೆ. ಮನೆ ತನಕ, ಮಣ್ಣಾಗೋ ತನಕ, ಯಾರಾದರೂ ಹಿಂದೆ ಕೂತು ಕೈಯಲ್ಲೇ ಹಿಡ್ಕೋಬೇಕು. ಅಲ್ಲಾಡಿಸದ ಹಾಗೆ.”

ತಮ್ಮ ಸುತ್ತ ನೋಡಿದರು. ಅವರ ಕಡೆಯವರು ನಾಲ್ಕೈದು ಮಂದಿ ನಿಂತಿದ್ದರು, ಕೈ ಮುಂದೆ ಬಂದವರೂ ಇದ್ದರು. ತಮ್ಮ ಅವರನ್ನೆಲ್ಲ ದಾಟಿ ಬೆಂಚಿನ ಹತ್ತಿರ ಹೋದರು.

“ಜೀಪಿನ ಕೀಲಿ ಕೊಡು. ನಾ ಓಡಿಸ್ತೀನಿ,” ಎಂದರು ಅಳಿಯನಿಗೆ. “ನೀ ಹಿಂದೆ ಹತ್ತು ಮಾರಾಯ. ನಿನ್ನ ಮಾವನ ಕೊರಳು ನೀನೇ ಹಿಡ್ಕ.”

ಹುಡುಗ ಕೀಲಿ ಕೊಟ್ಟ. ಆಮೇಲೆ ಚಪ್ಪಲಿ ಬಿಟ್ಟು ಹತ್ತಿದ. ಮಾವನ ಬೆನ್ನಿಗೆ ತನ್ನ ಎದೆ ಕೊಟ್ಟು ಕೂತು, ಎರಡೂ ಅಂಗೈಗಳನ್ನು ಗದ್ದದ ಕೆಳಗಿನಿಂದ ತಂದು ತಲೆಯನ್ನು ನೆಟ್ಟಗೆ ನಿಲ್ಲಿಸಿದ. ಬೆಳಿಗ್ಗೆ ಅವನನ್ನು ಜೈಲಿಗೆ ಕಳಿಸಹೊರಟವರೆಲ್ಲ ನೋಡುತ್ತಿದ್ದರು. ಮಗಳನ್ನು ಚಿಕ್ಕಪ್ಪ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಬಲು ನಿಧಾನಕ್ಕೆ ಗೇಟು ದಾಟಿಸಿದರು.